ಹಸಿ ಎಲುಬು, ಹದಿನೈದು ನಿಮಿಷ

"ನಾಯಿಗೇನ್ರಿ?"

ಹೊಸಪೇಟೆಯಲ್ಲಿ ಭಾನುವಾರ ಬೆಳಿಗ್ಗೆ ಚಿಕನ್ ಅಂಗಡಿ ಮುಂದೆ ನಿಂತು "ಎರಡು ಕೋಳಿ ಕತ್ತು ಕೊಡಪ್ಪ" ಅಂದರೆ ಬರುವ ಮೊದಲ ಪ್ರಶ್ನೆ ಇದು. ಹೌದು ಅಂದಿರೋ ಮುಗೀತು. ಅಂಗಡಿ ಹುಡುಗ ಮರದ ದಿಮ್ಮಿ ಕೆಳಗಿನ ಬುಟ್ಟಿಗೆ ಕೈ ಹಾಕ್ತಾನೆ. ಚರ್ಮ, ಕೊಬ್ಬು, ಚೂರು ಎಲುಬು, ಕರುಳು, ಒಂದೆರಡು ಕಾಲು, ಬೆಳಗಿನಿಂದ ಅಲ್ಲಿ ಬಿದ್ದದ್ದೆಲ್ಲ ಒಂದು ಕರಿ ಕವರಿಗೆ ಸೇರುತ್ತೆ. "ರೊಕ್ಕ ಬ್ಯಾಡ ತಗೊಳ್ರಿ ಅಣ್ಣ, ನಾಯಿಗೆ ಅಲ್ಲೇನು!"

ಪಾಪ, ಅವನದು ಒಳ್ಳೆ ಮನಸ್ಸು. ನಾನೇ ಜಗಳಗಂಟನ ಥರ ನಿಂತು, "ಹಂಗಲ್ಲಪ್ಪ, ಈಗ ಕೊಯ್ದದ್ದು ಬೇಕು. ಚರ್ಮ ತಗದು ಇಡೀ ಕತ್ತು ಕೊಡು, ಪೀಸ್ ಮಾಡಬ್ಯಾಡ. ರೊಕ್ಕ ತಗೋ" ಅಂತೀನಿ. ಹಿಂದೆ ಸಾಲಲ್ಲಿ ನಿಂತವರೊಬ್ಬರು ಒಮ್ಮೆ ಕೇಳಿಯೇ ಬಿಟ್ಟರು: "ಏನ್ ಸಾರ್, ನಾಯಿಗೂ ಮೆನು ಐತೇನು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬರುವಾಗ ದಾರಿಯಲ್ಲಿ ಯೋಚನೆ ಬಂತು. ಕನ್ನಡದಲ್ಲಿ ನಾವು ಮನುಷ್ಯರಿಗೆ ಊಟ ನೀಡ್ತೀವಿ, ಬಡಿಸ್ತೀವಿ. ಊಟ ಹಾಕ್ತೀವಿ ಅಂತಲೂ ಹೇಳ್ತೀವಿ, ನಿಜ. ಆದರೆ ನಾಯಿಗೆ ಯಾರಾದರೂ ಬಡಿಸಿದ್ದು ಕೇಳಿದ್ದೀರಾ? ನಾಯಿಗೆ ಹಾಕೋದು ಮಾತ್ರ. ಮದುವೆ ಮನೆಯಿಂದ ಬಂದವರು "ನಾಯಿಗೆ ಹಾಕ್ದಂಗ ಹಾಕಿದ್ರು" ಅಂದರೆ ಅಡುಗೆ ಕೆಟ್ಟಿತ್ತು ಅಂತ ಅರ್ಥ ಬರಲ್ಲ. ಬೀಗರು ಎಲೆ ಮುಂದೆ ನಿಂತು ಮುಖ ನೋಡಲಿಲ್ಲ ಅಂತ ಅರ್ಥ. ಹಾಕೋದು ಅಂದರೆ ಹಾಕಿ ಹೋಗೋದು.

ನಾನೂ ಹಾಕಿ ಹೋದವನೇ. ಎರಡು ಸಲ.

ಮೊದಲನೆಯದು ಕಂಪ್ಲಿ ಪಕ್ಕದ ನಮ್ಮೂರಲ್ಲಿ, ನಾನು ಆರನೇ ಕ್ಲಾಸಿನಲ್ಲಿದ್ದಾಗ. ಭತ್ತ, ಕಬ್ಬು, ಕಾಲುವೆ ನೀರು ಇರುವ ಊರು. ಅಲ್ಲಿ ನಾಯಿಗೆ ಮಾಲೀಕ ಅಂತ ಇರಲಿಲ್ಲ, ನಾಯಿ ಓಣಿಯದ್ದು. ಯಾರ ಮನೆಯಲ್ಲಿ ರೊಟ್ಟಿ ಮಿಕ್ಕಿತೋ ಆ ಹೊತ್ತಿಗೆ ಅವರದ್ದು. ಹಾಗಿದ್ದೂ ಕರಿಯ ಅನ್ನೋ ಒಂದು ಮರಿ ನನ್ನದು ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಊರಮ್ಮನ ಜಾತ್ರೆ ದಿನ ಮನೆ ತುಂಬ ನೆಂಟರು, ಕುರಿ ಸಾರು. ಉಂಡೆದ್ದ ಎಲೆಗಳಲ್ಲಿ ಉಳಿದಿದ್ದ ಎಲುಬೆಲ್ಲ ಆರಿಸಿ ಒಂದು ಮೊರದ ತುಂಬ ಮಾಡಿಕೊಂಡು ಕರಿಯನ ಮುಂದೆ ಸುರಿದೆ. ಆವತ್ತು ನನ್ನಷ್ಟು ಉದಾರಿ ಊರಲ್ಲೇ ಇರಲಿಲ್ಲ. ಸುರಿದು, ಜಾತ್ರೆಗೆ ಓಡಿದೆ. ಮೂರನೇ ದಿನ ಕರಿಯ ಬಣವೆ ಕೆಳಗೆ ಹೊಟ್ಟೆ ಉಬ್ಬಿಸಿಕೊಂಡು ಸತ್ತು ಬಿದ್ದಿತ್ತು. ಅಜ್ಜ ಕಾಲುವೆ ದಂಡೆಯಲ್ಲಿ ಹೂತು ಬಂದ. ಅವ್ವ, "ಯಾರದೋ ಕಣ್ಣು ತಾಗೈತಿ, ಅಳಬ್ಯಾಡ" ಅಂದಳು.

ಬೇಯಿಸಿದ ಎಲುಬು ಶಾಖಕ್ಕೆ ತನ್ನೊಳಗಿನ ಜಿಗುಟು ಕಳೆದುಕೊಂಡು ಪೆಡಸಾಗುತ್ತೆ, ಅಗಿದರೆ ಬಳೆ ಚೂರಿನ ಹಾಗೆ ಸೀಳಿ ಕರುಳು ಚುಚ್ಚುತ್ತೆ ಅಂತ ನನಗೆ ಗೊತ್ತಾಗಿದ್ದು ಇಪ್ಪತ್ತು ವರ್ಷ ಆದಮೇಲೆ. ಹಾಗಂತ ಕರಿಯ ಅದರಿಂದಲೇ ಸತ್ತ ಅಂತ ಹೇಳೋಕಾಗಲ್ಲ. ಪಾರ್ವೊ ಇದ್ದಿರಬಹುದು, ಹೊಟ್ಟೆ ಹುಳ ಇದ್ದಿರಬಹುದು. ಲಾಗ್ ಇಲ್ಲದ ಸಿಸ್ಟಮ್‌ನಲ್ಲಿ ರೂಟ್ ಕಾಸ್ ಹುಡುಕೋ ಕಷ್ಟ ನನ್ನ ಕಸುಬಿನವರಿಗೆ ಗೊತ್ತು. ಆದರೂ ಆ ಮೊರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎರಡನೆಯ ಸಲ ಶೇಂಗಾ.

2024ರ ಡಿಸೆಂಬರ್‌ನಲ್ಲಿ ಸಂಡೂರಿನಿಂದ ಬರುವಾಗ ರಸ್ತೆ ಬದಿ ಸಿಕ್ಕಿದ ಮರಿ. ತಾಯಿ ಅಲ್ಲೇ ಪಕ್ಕದಲ್ಲಿ ಸತ್ತು ಬಿದ್ದಿತ್ತು, ಯಾವುದೋ ಲಾರಿಗೆ ಸಿಕ್ಕಿರಬೇಕು. ಮರಿಯ ಮೈತುಂಬ ಅದಿರಿನ ಕೆಂಪು ಧೂಳು. ಎರಡು ಸಲ ಬಿಸಿನೀರು ಹಾಕಿ ತೊಳೆದ ಮೇಲೆ ಶೇಂಗಾ ಸಿಪ್ಪೆ ಬಣ್ಣ ಹೊರಗೆ ಬಂತು. ಆರು ವರ್ಷದ ಮಗಳು ಅದನ್ನೇ ಹೆಸರು ಮಾಡಿದಳು. ನಾನು ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಬಂದವನು ಇಲ್ಲೇ ಉಳಿದು, ತಿಂಗಳಿಗೊಮ್ಮೆ ಆಫೀಸಿಗೆ ಮುಖ ತೋರಿಸಿ ಬರ್ತೀನಿ. ಹೊಸಪೇಟೆ ಮನೆಯಲ್ಲಿ ಅವ್ವ, ಹೆಂಡತಿ, ಮಗಳು, ನಾನು. ಐದನೆಯವಳು ಶೇಂಗಾ.

ಕರಿಯನ ಋಣ ತೀರಿಸೋ ಹುಮ್ಮಸ್ಸಿನಲ್ಲಿ ನಾನು ಓದಿದ್ದೇ ಓದಿದ್ದು. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1993ರಲ್ಲಿ ನಾಯಿಗೆ ಎಲುಬು ಕೊಡಿ ಅಂತ ಹೆಸರಲ್ಲೇ ಹೇಳುವ ಒಂದು ಪುಸ್ತಕ ಬರೆದ. ಹಸಿ ಮಾಂಸ, ಹಸಿ ಎಲುಬಿನ ಪಂಥ ಬೆಳೆದಿದ್ದರಲ್ಲಿ ಅದರ ಪಾಲು ದೊಡ್ಡದು. ಇನ್ನೊಂದು ಕಡೆ ಅಮೆರಿಕದ ಪಶುವೈದ್ಯರ ಸಂಘ 2012ರಿಂದ ಹಸಿ ಮಾಂಸ ಬೇಡ ಅಂತಲೇ ಹೇಳ್ತಾ ಬಂದಿದೆ. ಒಬ್ಬರು "ನಾಯಿ ಅಂದ್ರೆ ತೋಳ ಕಣ್ರೀ" ಅಂತಾರೆ, ಇನ್ನೊಬ್ಬರು "ನಿಮ್ಮ ಅಡುಗೆಮನೆ ಅಂದ್ರೆ ಸಾಲ್ಮೊನೆಲ್ಲಾ ಕಣ್ರೀ" ಅಂತಾರೆ. ನನ್ನ ಹೆಂಡತಿ ಮೂರನೆಯ ಪಕ್ಷ: "ಅಂಗಡಿಲಿ ಒಣ ಆಹಾರ ಸಿಗುತ್ತೆ, ಹಾಕಿ ಸುಮ್ಮನಿರಿ."

ಎಲ್ಲ ಓದಿ ನಾನು ಮಾಡಿಕೊಂಡ ನಿಯಮಗಳು ಇವು. ಮೂರು ತಿಂಗಳು ತುಂಬೋ ತನಕ, ಲಸಿಕೆ ಮುಗಿಯೋ ತನಕ ಬೇಡ. ಬೇಯಿಸಿದ್ದು, ಸುಟ್ಟಿದ್ದು ಯಾವತ್ತೂ ಬೇಡ. ದನ, ಎಮ್ಮೆ ಕಾಲಿನ ಎಲುಬು ಬೇಡ, ಅದು ಇಡೀ ಪ್ರಾಣಿಯ ಭಾರ ಹೊತ್ತ ಎಲುಬು, ಹಲ್ಲೇ ಮುರಿಯುತ್ತೆ. ಹೆಬ್ಬೆರಳ ಉಗುರು ಊರಿದರೆ ಗುರುತು ಬೀಳದಷ್ಟು ಗಟ್ಟಿ ಇದ್ದರೆ ನಾಯಿ ಹಲ್ಲಿಗೂ ಅದು ಗಟ್ಟಿ. ಮರಿಗೆ ಇರೋದು 28 ಹಾಲುಹಲ್ಲು, ಸೂಜಿಯಷ್ಟು ತೆಳು. ಮೂರೂವರೆ ತಿಂಗಳಿಂದ ಉದುರೋಕೆ ಶುರುವಾಗಿ ಏಳು ತಿಂಗಳ ಹೊತ್ತಿಗೆ 42 ಹೊಸ ಹಲ್ಲು ಬರುತ್ತೆ. ಆದ್ದರಿಂದ ಕೋಳಿ ಕತ್ತು ಅಥವಾ ರೆಕ್ಕೆಯಂಥ ಮೆತ್ತನೆ ಎಲುಬು, ಮಾಂಸ ಅಂಟಿದ್ದು, ಬಾಯಿಗಿಂತ ದೊಡ್ಡದಾಗಿರಬೇಕು. ವಾರಕ್ಕೆ ಒಂದೋ ಎರಡೋ ಸಲ, ಅಷ್ಟೇ. ಹೆಚ್ಚಾದರೆ ಸುಣ್ಣದ ಹಾಗೆ ಬಿಳಿ ಕಕ್ಕ, ಮುಕ್ಕಿ ಮುಕ್ಕಿ ಮಾಡ್ತಾವೆ.

ಅಚ್ಚುಕಟ್ಟಾದ ನಿಯಮಗಳು. ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಚಿಕನ್ ತರಲು ನಾನು ಹೋಗಲಿಲ್ಲ, ಪಕ್ಕದ ಮನೆ ಹುಡುಗನನ್ನು ಕಳಿಸಿದೆ. ಅಂಗಡಿಯವನು ಉಪಕಾರ ಮಾಡಿದ. ಮರಿಗೆ ಅಂತ ಕೇಳಿ ಕತ್ತನ್ನು ಎರಡಿಂಚಿನ ಪೀಸ್ ಮಾಡಿ ಕಳಿಸಿದ್ದ. ನೋಡಿದೆ, ದೊಡ್ಡದಿರಬೇಕು ಅನ್ನೋದು ನೆನಪೂ ಆಯ್ತು. ಹನ್ನೊಂದು ಗಂಟೆಗೆ ಡೆಮೊ ಇತ್ತು. ಬಟ್ಟಲಿಗೆ ಸುರಿದು, ವರಾಂಡದ ಬಾಗಿಲು ಎಳೆದುಕೊಂಡು, ಒಳಗೆ ಹೋಗಿ ಕೂತೆ.

ಹೆಡ್‌ಫೋನ್ ಹಾಕಿದವನಿಗೆ ಮನೆ ಇರಲ್ಲ. ನಲವತ್ತು ನಿಮಿಷ ಆದಮೇಲೆ ಅವ್ವ ಬಂದು ಭುಜ ಅಲುಗಾಡಿಸಿದಾಗಲೇ ಎದ್ದದ್ದು. ಶೇಂಗಾ ಕತ್ತು ಚಾಚಿ ನಿಂತಿದ್ದಳು. ಬಾಯಿಂದ ಜೊಲ್ಲು ದಾರ ದಾರ. ವಾಂತಿ ಮಾಡೋಕೆ ನೋಡ್ತಾಳೆ, ಏನೂ ಬರಲ್ಲ, ಮತ್ತೆ ನನ್ನ ಮುಖ ನೋಡ್ತಾಳೆ, ಬಾಲ ಅಲ್ಲಾಡಿಸ್ತಾಳೆ. ಆ ಬಾಲ ಅಲ್ಲಾಡಿಸಿದ್ದು ಬೇರೆ.

ಎಕ್ಸ್‌ರೇಯಲ್ಲಿ ಒಂದು ತುಂಡು ಅನ್ನನಾಳದಲ್ಲಿ, ಎದೆಯೊಳಗೆ ಕೂತಿತ್ತು. ಡಾಕ್ಟರ್ ಮೇಡಂ ಮತ್ತು ಕೊಟ್ಟು, ಟ್ಯೂಬ್‌ನಿಂದ ಮೆಲ್ಲಗೆ ಅದನ್ನು ಹೊಟ್ಟೆಗೆ ತಳ್ಳಿದರು. ಹಸಿ ಎಲುಬಾದ್ದರಿಂದ ಹೊಟ್ಟೆಯ ಆಮ್ಲದಲ್ಲಿ ಕರಗುತ್ತೆ, ಎರಡು ದಿನ ಗಂಜಿ ಕೊಡಿ ಅಂದರು. ಕಾಗದದಲ್ಲಿ ಬರೆದುಕೊಳ್ತಾ ಕೇಳಿದ್ದು ಒಂದೇ ಪ್ರಶ್ನೆ. "ನುಂಗಿದಾಗ ನೀವು ಎಲ್ಲಿದ್ರಿ?" ಎಷ್ಟು ಹೊತ್ತಾಯಿತು ಅಂತ ತಿಳಿಯೋಕೆ ಕೇಳಿದ್ದು ಅವರು, ಅದು ನನಗೂ ಗೊತ್ತು. ನಾನು ಮಾತ್ರ ಕೋರ್ಟಿನಲ್ಲಿ ನಿಂತವನ ಹಾಗೆ, "ಒಳಗಿದ್ದೆ ಮೇಡಂ, ಮೀಟಿಂಗ್‌ನಲ್ಲಿ" ಅಂದೆ.

ಆಮೇಲೆ ಒಂದು ತಿಂಗಳು ಮನೆಗೆ ಎಲುಬು ಬರಲಿಲ್ಲ. ಆ ತಿಂಗಳು ಯೋಚನೆ ಮಾಡಿದ್ದನ್ನೇ ಇಲ್ಲಿ ಬರೀತಿರೋದು.

ನನ್ನ ಮುಂದಿದ್ದ ಪ್ರಶ್ನೆ ಇದು: ಮಾತು ಬಾರದ ಒಂದು ಜೀವಕ್ಕೆ, ಅದಕ್ಕೆ ಬಹಳ ಖುಷಿ ಕೊಡುವ ಮತ್ತು ಸ್ವಲ್ಪ ಅಪಾಯವೂ ಇರುವ ಒಂದು ವಸ್ತುವನ್ನು ಕೊಡೋ ಅಧಿಕಾರ ನನಗೆ ಎಲ್ಲಿಂದ ಬಂತು? ಮಗಳ ವಿಷಯದಲ್ಲಿ ಇದಕ್ಕೆ ಉತ್ತರ ಇದೆ. ಅವಳಿಗೆ ಸೈಕಲ್ ಕೊಡಿಸ್ತೀನಿ, ಬೀಳ್ತಾಳೆ, ಮಂಡಿ ತರಚುತ್ತೆ. ಆದರೆ ಆ ಬೀಳುವಿಕೆ ಅವಳನ್ನು ನಾಳೆ ನನ್ನ ಕೈಯಿಂದ ಬಿಡಿಸುತ್ತೆ. ಇಪ್ಪತ್ತು ವರ್ಷ ಆದಮೇಲೆ ಅವಳು ನನ್ನನ್ನು ನಿಲ್ಲಿಸಿ "ಅಪ್ಪ, ನೀ ಆವತ್ತು ಮಾಡಿದ್ದು ತಪ್ಪು" ಅಂತ ಹೇಳಬಹುದು, ಹೇಳ್ತಾಳೆ ಕೂಡ. ನಾಯಿಮರಿ ಬೆಳೆದು ದೊಡ್ಡದಾದರೂ ನನ್ನ ಕೈಯಿಂದ ಬಿಡಿಸಿಕೊಳ್ಳಲ್ಲ, ಲೆಕ್ಕವೂ ಕೇಳಲ್ಲ. ನಾಯಿ ಎಲ್ಲ ಕ್ಷಮಿಸುತ್ತೆ ಅಂತ ನಾವು ಕಣ್ಣೀರು ಹಾಕ್ಕೊಂಡು ಸ್ಟೇಟಸ್ ಹಾಕ್ತೀವಲ್ಲ, ಅದು ಕ್ಷಮೆ ಅಂತ ನನಗನ್ನಿಸಲ್ಲ. ನನ್ನಿಂದಲೇ ಗಂಟಲಲ್ಲಿ ಎಲುಬು ಸಿಕ್ಕಿದ್ದು ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ. ಅದಕ್ಕೇ ಬಾಲ ಅಲ್ಲಾಡಿತು. ಲೆಕ್ಕ ಕೇಳದವರ ಲೆಕ್ಕ ನಾವೇ ಇಡಬೇಕಾಗುತ್ತೆ.

ಹಾಗಾದರೆ ಪ್ರಕೃತಿ? ಹಸಿ ಪಂಥದವರ ದೊಡ್ಡ ವಾದ ಅದು. ಕಾಡಲ್ಲಿ ಯಾರು ಬೇಯಿಸಿ ಹಾಕ್ತಾರೆ ಅಂತ. ಈ ವಾದ ನನಗೂ ಬಹಳ ದಿನ ಹಿಡಿಸಿತ್ತು, ಹಳ್ಳಿಯಿಂದ ಬಂದವರಿಗೆ ಬೇಗ ಹಿಡಿಸುತ್ತೆ. ಆದರೆ 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಹೇಳಿದ್ದು, ಪಿಷ್ಟ ಅರಗಿಸೋ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಹೆಚ್ಚು ಅಂತ. ಸಾವಿರಾರು ವರ್ಷ ನಮ್ಮ ರೊಟ್ಟಿ, ನುಚ್ಚು ತಿಂದೇ ಅದು ನಾಯಿಯಾಗಿದ್ದು. ನಮ್ಮೂರ ಓಣಿ ನಾಯಿಗಳು ಜೋಳದ ರೊಟ್ಟಿಯಲ್ಲೇ ಬೆಳೆದವು, ತೋಳದ ಪ್ರಮಾಣಪತ್ರ ಕೇಳಲಿಲ್ಲ. ಇನ್ನು ಪ್ರಕೃತಿ ಮರಿಗಳನ್ನು ಹೇಗೆ ನೋಡಿಕೊಳ್ಳುತ್ತೆ ಅಂತ ತಿಳಿಯೋಕೆ ಕಾಡಿಗೆ ಹೋಗಬೇಕಿಲ್ಲ. ಪಶ್ಚಿಮ ಬಂಗಾಳದ ಬೀದಿ ನಾಯಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರರಲ್ಲಿ 19 ಮರಿ ಮಾತ್ರ ಏಳು ತಿಂಗಳ ಪ್ರಾಯ ಮುಟ್ಟಿದ್ದವು. ಸತ್ತವುಗಳಲ್ಲಿ 63 ಭಾಗ ಮನುಷ್ಯರ ಕಾರಣಕ್ಕೆ. ಸಂಡೂರು ರಸ್ತೆಯ ಲಾರಿ ಕೂಡ ಆ ಪ್ರಕೃತಿಯ ಒಂದು ಭಾಗವೇ ಈಗ.

ಹಸಿ ಅಂದ ಕೂಡಲೇ ಕ್ಷೇಮ ಅಂತಲೂ ಆಗಲ್ಲ. 2018ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದವರು ನಾಯಿಗಳ ಕಾಲು ಸೋತು ಬರುವ ಒಂದು ಥರದ ಪಾರ್ಶ್ವವಾಯುವಿಗೂ ಹಸಿ ಕೋಳಿಯಲ್ಲಿರುವ ಕ್ಯಾಂಪಿಲೊಬ್ಯಾಕ್ಟರ್‌ಗೂ ನಂಟು ತೋರಿಸಿದರು. ಅವರು ಎಚ್ಚರಿಸಿದ್ದು ಯಾವುದರ ಬಗ್ಗೆ ಗೊತ್ತಾ? ನಾನು ಬಹಳ ಓದಿ ಆರಿಸಿಕೊಂಡ ಕೋಳಿ ಕತ್ತಿನ ಬಗ್ಗೆಯೇ. ಫ್ರೀಜರ್‌ನಲ್ಲಿಟ್ಟರೆ ಕೆಲವು ಹುಳ ಸಾಯುತ್ತವೆ, ಬ್ಯಾಕ್ಟೀರಿಯಾ ನಿದ್ದೆ ಹೋಗುತ್ತೆ, ಅಷ್ಟೇ.

ಇಷ್ಟೆಲ್ಲ ಗೊತ್ತಾದ ಮೇಲೆ ಹೆಂಡತಿಯ ಪಕ್ಷ ಸೇರಬೇಕಿತ್ತು. ಸೇರ್ತಿದ್ದೆನೋ ಏನೋ. ಒಂದು ಭಾನುವಾರ ಮಗಳನ್ನು ಕರಕೊಂಡು ಹಂಪಿಗೆ ಹೋದೆ, ಶೇಂಗಾ ಮನೆಯಲ್ಲೇ. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಬೇಟೆಯ ಸಾಲುಗಳಿವೆ, ನೋಡಿರ್ತೀರಿ. ಜಿಂಕೆ, ಈಟಿ ಹಿಡಿದವರು, ಅವರ ಜೊತೆ ನಾಯಿಗಳು. ಈ ಸೀಮೆಯ ಕಥೆ ಶುರುವಾಗೋದೇ ನಾಯಿಯಿಂದ: ಹಕ್ಕಬುಕ್ಕರ ಬೇಟೆನಾಯಿಗಳನ್ನು ಮೊಲ ಅಟ್ಟಿಸಿಕೊಂಡು ಬಂತಂತೆ, ಅಲ್ಲೇ ರಾಜಧಾನಿ ಕಟ್ಟಿದರಂತೆ. ಮೊಲಕ್ಕೆ ಹೆದರಿ ಓಡಿದ ನಾಯಿಗಳನ್ನು ಆಮೇಲೆ ಯಾರೂ ವಿಚಾರಿಸಲಿಲ್ಲ. ಮಗಳಿಗೆ ಈ ಕಥೆ ಹೇಳ್ತಾ ಇದ್ದಾಗ ಅವಳು ಕಲ್ಲಿನ ನಾಯಿ ಮುಟ್ಟೋಕೆ ಹೋಗಿ, "ಇವರೆಲ್ಲ ಕೆಲಸಕ್ಕೆ ಹೋಗ್ತಾರಾ ಅಪ್ಪ?" ಅಂತ ಕೇಳಿದಳು.

ಹೌದಲ್ಲ ಅನ್ನಿಸ್ತು. ಅವು ಕೆಲಸದ ನಾಯಿಗಳು. ಓಡಿ, ಹಿಡಿದು, ತಮ್ಮ ಪಾಲು ಕಚ್ಚಿ ತಿಂದವು. ನಮ್ಮೂರ ಓಣಿ ನಾಯಿಗೂ ರಾತ್ರಿ ಪಾಳಿ ಇತ್ತು. ಶೇಂಗಾಗೆ ಏನಿದೆ? ಗೇಟು, ವರಾಂಡ, ಬಟ್ಟಲಲ್ಲಿ ಕುರುಕಲು ಉಂಡೆ, ಇಪ್ಪತ್ತು ಸೆಕೆಂಡಿನಲ್ಲಿ ಖಾಲಿ, ಆಮೇಲೆ ಇಡೀ ದಿನ ನನ್ನ ಕುರ್ಚಿ ಕಾಲು ಕಡಿಯೋದು. ಎಲುಬು ಕೊಟ್ಟ ದಿನ ಅವಳನ್ನು ನೋಡಬೇಕು. ಎರಡೂ ಮುಂಗಾಲಿನಲ್ಲಿ ಒತ್ತಿ ಹಿಡಿದು, ಕಣ್ಣು ಅರ್ಧ ಮುಚ್ಚಿ, ಒಂದು ದವಡೆ ಸುಸ್ತಾದರೆ ಇನ್ನೊಂದಕ್ಕೆ ಬದಲಿಸಿ, ಎಲ್ಲಿ ಕಚ್ಚಿದರೆ ಬಿಡುತ್ತೆ ಅಂತ ತಿರುಗಿಸಿ ತಿರುಗಿಸಿ ನೋಡ್ತಾಳೆ. ಅಷ್ಟು ಏಕಾಗ್ರತೆ ನನಗೆ ಕೋಡ್ ಬರೆಯುವಾಗ ವರ್ಷಕ್ಕೆ ನಾಲ್ಕು ಸಲ ಬಂದರೆ ಹೆಚ್ಚು. ಅವಳ ಮೈಯಲ್ಲಿ ಇರುವ ಕಸುಬು ಅದೊಂದೇ, ಅದನ್ನು ಮಾಡಲು ಸಿಗೋ ಜಾಗ ಆ ಹದಿನೈದು ನಿಮಿಷ. ಅಪಾಯ ಇದೆ ಅಂತ ಅದನ್ನೂ ತೆಗೆದರೆ ನನಗೆ ಅನುಕೂಲ. ಅವಳ ಕ್ಷೇಮ ಅಂತ ಅದಕ್ಕೆ ಹೆಸರಿಡೋದು ಸುಲಭ. ಎಲ್ಲ ಅಪಾಯ ತೆಗೆದ ಬದುಕು ಒಳ್ಳೆ ಬದುಕೇ ಅಂತ ನನಗೆ ನನ್ನ ವಿಷಯದಲ್ಲಂತೂ ಒಪ್ಪಿಗೆ ಇಲ್ಲ.

ಕೋಳಿಯ ಕಡೆಯಿಂದ ನೋಡಿದರೆ ಈ ಲೇಖನವೇ ಬೇರೆ ಆಗ್ತಿತ್ತು, ಗೊತ್ತು. ಆದರೆ ಮಧ್ಯಾಹ್ನ ಅದರದೇ ಸಾರು ಉಂಡಿರ್ತೀನಿ, ಅದರ ಪರ ವಕಾಲತ್ತು ವಹಿಸೋ ಯೋಗ್ಯತೆ ನನಗಿಲ್ಲ.

ಅಪಾಯ ಶೇಂಗಾಗೆ ಮಾತ್ರ ಅಂದುಕೊಂಡಿದ್ದೂ ನನ್ನ ತಪ್ಪೇ. ಇದನ್ನು ಕಲಿಸಿದ್ದು ಸಂಡೂರು ಕಡೆ ಗುಡ್ಡದಲ್ಲಿ ಕುರಿ ಕಾಯುವ ನಮ್ಮ ಮಾವ, ಅವ್ವನ ತಮ್ಮ. ಅವನ ಹಿಂಡಿನಲ್ಲಿ ಆಗಾಗ ಒಂದು ಕುರಿ ಕತ್ತು ವಾರೆ ಮಾಡಿ ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಬಿದ್ದು ಸಾಯ್ತಿತ್ತು. ಸತ್ತ ಕುರಿಯ ತಲೆ ಕಡಿದು ಹಿಂಡಿನ ನಾಯಿಗಳಿಗೆ ಹಸಿಯಾಗೇ ಹಾಕೋದು ರೂಢಿ. ಕುರಿಯ ಮಿದುಳಲ್ಲಿ ನೀರುಗುಳ್ಳೆಯಾಗಿರೋ ಲಾಡಿಹುಳದ ಮರಿಗಳು ನಾಯಿ ಹೊಟ್ಟೆ ಸೇರಿ ಹುಳವಾಗ್ತವೆ, ನಾಯಿ ಕಕ್ಕದಿಂದ ಮೊಟ್ಟೆ ಹುಲ್ಲಿಗೆ, ಹುಲ್ಲಿಂದ ಮತ್ತೆ ಕುರಿಯ ಮಿದುಳಿಗೆ. ಪಶುವೈದ್ಯರು ಇದನ್ನು ಹೇಳಿದಾಗ ಮಾವ ಒಪ್ಪಲಿಲ್ಲ. ನಾನು ಹೋಗಿ ಮತ್ತೊಮ್ಮೆ ಹೇಳಿದೆ.

"ಅಲ್ಲೋ, ರಾತ್ರಿ ಎಲ್ಲ ಎದ್ದು ಕಾಯೋದು ನಾಯಿ. ಅದೇ ಕುರಿ ಕೊಲ್ತೈತೇನು?"

"ನಾಯಿ ಅಲ್ಲ ಮಾವ. ನೀನು ಹಾಕೋ ತಲಿ."

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಮೊದಲ ಹೇಳಬಾರದಾಗಿತ್ತೇನು, ಇಷ್ಟು ವರ್ಷ" ಅಂದ. ಯಾರಿಗೆ ಅಂದನೋ. ಈಗ ತಲೆ ಸುಡ್ತಾನೆ, ನಾಯಿಗಳಿಗೆ ಹುಳದ ಮಾತ್ರೆ ಕೊಡ್ತಾನೆ. ಕುರಿ ಮೇಕೆಯ ಶ್ವಾಸಕೋಶ, ಈಲಿ ಹಸಿಯಾಗಿ ಕೊಟ್ಟರೆ ಇದೇ ಥರದ ಇನ್ನೊಂದು ಹುಳ ಮನುಷ್ಯರ ಹೊಟ್ಟೆಗೇ ಬರುತ್ತೆ.

ಮಾವನಿಗೆ ಬುದ್ಧಿ ಹೇಳಿ ಬಂದ ಜಂಬ ಬಹಳ ದಿನ ಉಳಿಯಲಿಲ್ಲ. 2025ರ ಮಾರ್ಚ್ ಹೊತ್ತಿಗೆ ಸಂಡೂರು ತಾಲೂಕಿನ, ತೋರಣಗಲ್ಲು ಪಕ್ಕದ ಕುರೆಕುಪ್ಪದಲ್ಲಿ ಹಕ್ಕಿಜ್ವರ ಬಂತು. ಸಾವಿರಕ್ಕೂ ಹೆಚ್ಚು ಕೋಳಿ ಸತ್ತವು, ಉಳಿದವನ್ನು ಕೊಂದು ಹೂತರು. ಚೆನ್ನಾಗಿ ಬೇಯಿಸಿ ತಿನ್ನಿ ಅಂತ ಸರ್ಕಾರ ಹೇಳಿತು. ಬೇಯಿಸದೇ ಕೊಡುವವರ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಅಮೆರಿಕದ ಒರೆಗಾನ್‌ನಲ್ಲಿ 2024ರ ಡಿಸೆಂಬರ್‌ನಲ್ಲಿ ಹಸಿ ಆಹಾರ ತಿಂದ ಬೆಕ್ಕು ಇದೇ ಜ್ವರದಿಂದ ಸತ್ತಿತ್ತು. ಕೆನಡಾದಲ್ಲಿ 2023ರಲ್ಲಿ ಕಾಡು ಹೆಬ್ಬಾತು ಜಗಿದ ನಾಯಿ ಸತ್ತಿತ್ತು. ಇದನ್ನೆಲ್ಲ ಓದ್ತಾ ಕೂತಿದ್ದಾಗ ಅವ್ವ ವರಾಂಡ ಒರೆಸ್ತಾ ಇದ್ದಳು. ಆಗ ಹೊಳೀತು. ಶೇಂಗಾ ಎಲುಬು ಎಳೆದಾಡಿದ ನೆಲವನ್ನು ಇಷ್ಟು ದಿನ ಬರಿಗೈಯಲ್ಲಿ ಒರೆಸಿದ್ದು ಅವ್ವ. ಅವಳಿಗೆ ಅರವತ್ತೆಂಟು, ಹತ್ತು ವರ್ಷದ ಸಕ್ಕರೆ ಕಾಯಿಲೆ. ನಾಯಿಯ ಖುಷಿಗಾಗಿ ನಾನು ತಗೊಂಡ ರಿಸ್ಕಿನ ಕಂತು ಕಟ್ಟುತ್ತಿದ್ದವಳು ಅವಳು. ಅವಳನ್ನು ಒಂದು ಮಾತು ಕೇಳಿದ್ದೆನಾ? ನಾಯಿಗಾದರೆ ಕೇಳೋಕೆ ಬರಲ್ಲ. ಅವ್ವನಿಗೆ ಕೇಳಬಹುದಿತ್ತು.

ಕೇಳಿದೆ. "ನಾ ಹುಟ್ಟಿದಾಗಿಂದ ಇಂಥಾವು ಎಷ್ಟು ತೊಳದೀನಿ, ಏನಾಗಂಗಿಲ್ಲ ಬಿಡು" ಅಂದಳು. ಅದು ಒಪ್ಪಿಗೆ ಅಂತ ತಗೊಳ್ಳೋದು ಕಳ್ಳತನ. ಅವ್ವಂದಿರು ಎಲ್ಲದಕ್ಕೂ ಹೀಗೇ ಅಂತಾರೆ.

ಹಕ್ಕಿಜ್ವರದ ಗಲಾಟೆ ಪೂರ್ತಿ ತಣ್ಣಗಾಗಿ, ಡಾಕ್ಟರ್ ಮೇಡಂ ಹತ್ತಿರ ಮಾತಾಡಿ (ಅವರಿಗೆ ಈಗಲೂ ಪೂರ್ತಿ ಮನಸ್ಸಿಲ್ಲ, "ಕೊಡಲೇಬೇಕು ಅಂದ್ರೆ" ಅಂತಲೇ ಮಾತು ಶುರು ಮಾಡ್ತಾರೆ) ಈಗ ಒಂದು ಕ್ರಮಕ್ಕೆ ಬಂದಿದ್ದೀನಿ. ವಾರಕ್ಕೆ ಒಂದು ಸಲ, ಭಾನುವಾರ. ಎಲುಬು ನಾನೇ ತರ್ತೀನಿ. ಮನೆ ಹಿಂದಿನ ಕಲ್ಲಿನ ಮೇಲೆ, ಮಗಳು ಕೈ ಹಾಕದ ಜಾಗದಲ್ಲಿ ಕೊಡ್ತೀನಿ, ಫೋನ್ ಒಳಗಿಟ್ಟು ಎದುರಿಗೆ ಕೂರ್ತೀನಿ. ಕತ್ತಿನ ಒಂದು ತುದಿಯನ್ನು ಮೊದಲ ಕೆಲವು ನಿಮಿಷ ನಾನೇ ಹಿಡಿದಿರ್ತೀನಿ, ಇಡಿಯಾಗಿ ನುಂಗೋ ಬದಲು ಅಗಿಯೋದು ಕಲಿಯಲಿ ಅಂತ. ತುಂಡು ಸಣ್ಣದಾಯ್ತು ಅಂದರೆ ಬಾಯಿಗೆ ಕೈ ಹಾಕಿ ಕಿತ್ತುಕೊಳ್ಳಲ್ಲ. ಹಾಗೆ ಮಾಡಿದರೆ ಮುಂದಿನ ಸಲ ನಾನು ಹತ್ತಿರ ಬಂದ ಕೂಡಲೇ ನುಂಗಿಬಿಡ್ತಾಳೆ, ಅಥವಾ ಗುರ್ ಅಂತಾಳೆ. ಬೇಯಿಸಿದ ಈಲಿಯ ಚೂರು ತೋರಿಸಿದರೆ ತಾನೇ ಬಿಡ್ತಾಳೆ. ಉಳಿದದ್ದು ಪೇಪರಿನಲ್ಲಿ ಸುತ್ತಿ ಕಸಕ್ಕೆ. ಕಲ್ಲು ತೊಳೆಯೋದು, ಬಟ್ಟಲು ತೊಳೆಯೋದು, ಸೋಪು ಹಾಕಿ ಕೈ ತೊಳೆಯೋದು ನನ್ನ ಕೆಲಸ, ಅವ್ವ ಆ ಕಡೆ ಬರೋ ಹಾಗಿಲ್ಲ. ಎಲ್ಲ ಸೇರಿ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಇಲ್ಲದ ವಾರ ಎಲುಬೂ ಇಲ್ಲ.

ಇದರಿಂದ ಅಪಾಯ ಸೊನ್ನೆಯಾಯ್ತಾ? ಇಲ್ಲ. ಬ್ಯಾಕ್ಟೀರಿಯಾ ನಾನು ಎದುರು ಕೂತಿದ್ದೀನಿ ಅಂತ ನಾಚಿಕೊಳ್ಳಲ್ಲ. ನಾಳೆ ಏನಾದರೂ ಆದರೆ ಮತ್ತೆ ನಾನೇ ಹೊಣೆ. ಆದರೆ ಬೇರೆ ಜೀವದ ಮೇಲೆ ಅಪಾಯ ಹೊರಿಸುವವನು ತನ್ನದೂ ಏನಾದರೂ ಪಣಕ್ಕಿಡಬೇಕು ಅಂತ ನನಗನ್ನಿಸುತ್ತೆ. ಕಡೇ ಪಕ್ಷ ತನ್ನ ಹೊತ್ತು, ತನ್ನ ಕಣ್ಣು. ಅದನ್ನೂ ಕೊಡದೇ "ಪ್ರೀತಿಯಿಂದ ಹಾಕಿದೆ" ಅನ್ನೋದು ಕರಿಯನ ಮುಂದೆ ಮೊರ ಸುರಿದು ಜಾತ್ರೆಗೆ ಓಡಿದ ಹುಡುಗನ ಮಾತು.

ನಮ್ಮ ವಿಜಯನಗರ ಜಿಲ್ಲೆಯಲ್ಲೇ, ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ, ಗೊರವರನ್ನು ನೋಡಿದವರಿಗೆ ಇದು ಇನ್ನೊಂದು ಥರ ಗೊತ್ತಿರುತ್ತೆ. ಕರಡಿ ಕೂದಲ ಟೋಪಿ, ಡಮರು, ಕೈಯಲ್ಲಿ ದೋಣಿ. ದೋಣಿ ಸೇವೆಯಲ್ಲಿ ಭಕ್ತರು ಹಾಲು ಬಾಳೆಹಣ್ಣು ತುಂಬಿದರೆ ಗೊರವರು ಮೈಲಾರಲಿಂಗನ ನಾಯಿಗಳಾಗಿ ಬೊಗಳುತ್ತಾ ಬಾಗಿ ತಿಂತಾರೆ. ಚಿಕ್ಕವನಿದ್ದಾಗ ಅಜ್ಜನ ಜೊತೆ ಹೋಗಿದ್ದೆ. ನನಗೆ ನಗು ಬಂದು ಅಜ್ಜನಿಂದ ತಲೆಗೆ ಮೊಟಕಿಸಿಕೊಂಡೆ. ಅಜ್ಜ ತನ್ನ ಹಣ್ಣು ಹಾಕಿ ಆ ಕಡೆ ಹೋಗಲಿಲ್ಲ, ಕೈ ಮುಗಿದು ಪೂರ್ತಿ ತಿಂದು ಮುಗಿಸೋ ತನಕ ನಿಂತೇ ಇದ್ದ. ಎಷ್ಟು ಹೊತ್ತು ನಿಂದ್ರೋದು ಅಂತ ನಾನು ಪಂಚೆ ಎಳೀತಿದ್ದೆ.

ಏಪ್ರಿಲ್‌ನ ಒಂದು ಭಾನುವಾರ, ಶೇಂಗಾ ಕತ್ತು ಅಗಿದು ಮುಗಿಸಿದ ಮೇಲೆ, ಕಲ್ಲು ತೊಳೆಯುವಾಗ ಅಕ್ಕಿಕಾಳಿನ ಹಾಗೆ ಏನೋ ಬೆಳ್ಳಗೆ ಸಿಕ್ಕಿತು. ಎಲುಬಿನ ಚೂರು ಅಂದುಕೊಂಡೆ. ಹಾಲುಹಲ್ಲು! ಸೋಪಿನಲ್ಲಿ ತೊಳೆದು ಮಗಳಿಗೆ ತೋರಿಸಿದೆ. ಅವಳಿಗೂ ಹಿಂದಿನ ವಾರವೇ ಮುಂದಿನ ಹಲ್ಲು ಬಿದ್ದಿತ್ತು, ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಳು. ಎರಡನ್ನೂ ಅಂಗೈ ಮೇಲೆ ಅಕ್ಕಪಕ್ಕ ಇಟ್ಟು ಅಜ್ಜಿ ಹತ್ತಿರ ಓಡಿದಳು.

"ಸಗಣ್ಯಾಗ ಇಟ್ಟು ಮಾಳಿಗಿ ಮ್ಯಾಲ ಒಗಿಬೇಕವ್ವ, ಅಂದ್ರ ಚಂದನ ಹಲ್ಲು ಬರ್ತಾವ" ಅಂದಳು ಅವ್ವ.

"ಶೇಂಗಾದ್ದೂ?"

ಅವ್ವ ನನ್ನ ಮುಖ ನೋಡಿದಳು. ನಾನು ಪೊರಕೆ ಹಿಡಿದು ನಿಂತಿದ್ದೆ. "ಅದರದ್ದೂ ಒಗಿ. ಆದರ ಬ್ಯಾರೆ ಬ್ಯಾರೆ ಉಂಡಿ ಮಾಡು, ಕಲಸಬ್ಯಾಡ" ಅಂದಳು. ಆಮೇಲೆ ಭಾನುವಾರ ಮಧ್ಯಾಹ್ನ ಹೊಸಪೇಟೆಯಲ್ಲಿ ಎರಡು ಉಂಡೆಯಷ್ಟು ಸಗಣಿ ಹುಡುಕಿಕೊಂಡು ನಾನು ಗಾಡಿ ತೆಗೆದೆ.